ಕೂದಲಿಗೆಂದು ಕಳುಹಿಸಿದ ಹಸಿರು ಮಾತ್ರೆ

ಫೋನ್ ಬಂದಾಗ ನಾನು ಊಟದ ಬುತ್ತಿ ಬಿಚ್ಚಿದ್ದೆ. ಮೂಡುಬಿದಿರೆ ಪೇಟೆಯ ಒಂದು ಮೆಡಿಕಲ್ ಶಾಪಿನಲ್ಲಿ ನಾನು ಫಾರ್ಮಸಿಸ್ಟ್. ಮಧ್ಯಾಹ್ನ ಎರಡರಿಂದ ಮೂರರವರೆಗೆ ಗಿರಾಕಿಗಳು ಕಡಿಮೆ. ಆ ಒಂದು ಗಂಟೆಯಲ್ಲಿ ಯಾರಾದರೂ ಫೋನ್ ಮಾಡಿದರೆ ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ.

"ಅಕ್ಕ, ಆ ಹಸಿರು ಮಾತ್ರೆ ಇನ್ನು ಮೂರು ಸ್ಟ್ರಿಪ್ ಬಸ್ಸಲ್ಲಿ ಕಳಿಸ್ತೀರಾ? ಎಲ್ಲ ಮುಗಿದು ಹೋಯ್ತು."

ನಾರಾವಿಯಿಂದ ಸ್ವಲ್ಪ ಒಳಗಿರುವ ಒಂದು ಮನೆಯ ಸೊಸೆ ಅವಳು. ಹೆರಿಗೆಯಾಗಿ ಎಂಟು ತಿಂಗಳಾಗಿತ್ತು. ಬಾಚಿದರೆ ಕೂದಲು ಮುಷ್ಟಿ ಮುಷ್ಟಿ ಬರುತ್ತಿದೆ ಎಂದು ಎರಡು ವಾರದ ಹಿಂದೆ ಮೂರು ಸ್ಟ್ರಿಪ್ ವಿಟಮಿನ್ ಇ ಕ್ಯಾಪ್ಸೂಲ್ ತರಿಸಿಕೊಂಡಿದ್ದಳು. ಈ ಕ್ಯಾಪ್ಸೂಲಿನ ಹೆಸರು ಯಾರಿಗೂ ಬೇಕಾಗಿಲ್ಲ. ಶಿರ್ತಾಡಿಯಿಂದ ಬರುವ ಕಾಲೇಜು ಹುಡುಗಿಯಿಂದ ಹಿಡಿದು ನನ್ನೂರು ವಾಮದಪದವಿನ ಅಂಗನವಾಡಿ ಟೀಚರಿನವರೆಗೆ ಎಲ್ಲರಿಗೂ ಅದು 'ಹಸಿರು ಮಾತ್ರೆ'. ಮೊಬೈಲಿನಲ್ಲಿ ಯಾರೋ ತಲೆಗೆ ಹಚ್ಚಿ ತೋರಿಸುತ್ತಾರೆ, ಮರುದಿನ ಇಲ್ಲಿ ನನ್ನ ಕೌಂಟರಿನ ಎದುರು ಸಾಲು. ಕೂದಲು ಉದುರಲು ಕಾರಣ ರಕ್ತ ಕಡಿಮೆಯೋ, ಥೈರಾಯ್ಡೋ, ಹೆರಿಗೆಯೋ ಎಂದು ಕೇಳಿದರೆ ಮುಖ ಗಂಟು ಹಾಕುತ್ತಾರೆ. ಹಾಗಾಗಿ ನಾನು ಕೇಳುವುದನ್ನು ಬಿಟ್ಟು, ತಲೆಗೆ ಹಚ್ಚುವ ಕ್ರಮವನ್ನಷ್ಟೇ ಹೇಳುತ್ತಿದ್ದೆ. ಅರ್ಧ ಲೋಟ ತೆಂಗಿನೆಣ್ಣೆಗೆ ಎರಡು ಕ್ಯಾಪ್ಸೂಲ್, ಶುಚಿಯಾದ ಸೂಜಿಯಿಂದ ಚುಚ್ಚಿ ಹಿಂಡಬೇಕು, ವಾರಕ್ಕೊಮ್ಮೆ ಹಚ್ಚಿ ಒಂದು ಗಂಟೆ ಬಿಟ್ಟು ತೊಳೆಯಬೇಕು, ತುರಿಸಿದರೆ ಅಂದೇ ನಿಲ್ಲಿಸಬೇಕು.

ಆ ಲೆಕ್ಕದಲ್ಲಿ ಮೂವತ್ತು ಕ್ಯಾಪ್ಸೂಲ್ ಮೂರು ತಿಂಗಳಿಗೂ ಹೆಚ್ಚು ಬರಬೇಕು.

"ಎರಡು ವಾರಕ್ಕೆ ಮೂವತ್ತಾ? ನಿನ್ನದು ತಲೆಯಾ, ಎಂತ ಮಾರಾಯ್ತಿ, ಅಂಗಳವಾ?" ಎಂದೆ.

"ನಾನು ಹಾಕಿದ್ದು ಎರಡೇ ಎರಡು ಅಕ್ಕ. ಬಾಕಿ ಎಲ್ಲ ಅತ್ತೆ ತಿಂದ್ರು."

ನನಗೆ ಜೋರಾಗಿ ನಗು ಬಂತು. ಸೊಸೆಯ ಕೂದಲು ಬೆಳೆಯಬಾರದೆಂದು ಅತ್ತೆ ಮಾತ್ರೆ ನುಂಗುವ ಕಥೆಯನ್ನು ಮನೆಗೆ ಹೋಗಿ ಯಾರಿಗೆ ಹೇಳಲಿ ಎಂದೂ ಯೋಚಿಸಿದೆ. ಆಮೇಲೆ ಆ ಅತ್ತೆಯ ಮದ್ದಿನ ಚೀಟಿ ನೆನಪಾಯಿತು. ಕಲಸಿದ ಅನ್ನವನ್ನು ಹಾಗೆಯೇ ಬಿಟ್ಟು ಎದ್ದು ನಿಂತೆ.

ಆ ಅಮ್ಮನಿಗೆ ಅರವತ್ತರ ಆಸುಪಾಸು. ಹೃದಯದ ಒಂದು ಕವಾಟ ಕೆಟ್ಟು, ವರ್ಷಗಳ ಹಿಂದೆ ಮಂಗಳೂರಿನಲ್ಲಿ ಲೋಹದ ಕವಾಟ ಹಾಕಿಸಿದ್ದರು. ಅಂಥವರು ರಕ್ತ ತೆಳುವಾಗಿಸುವ ಮಾತ್ರೆಯನ್ನು ಬದುಕಿರುವಷ್ಟು ದಿನ ನುಂಗಬೇಕು. ಅದರ ಅಳತೆ ಸೂಕ್ಷ್ಮ. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ತೋರಿಸುವ ಐಎನ್‌ಆರ್ ಎಂಬ ಪರೀಕ್ಷೆಯನ್ನು ತಿಂಗಳು ತಿಂಗಳು ಮಾಡಿಸಬೇಕು. ಈ ಅಮ್ಮನಿಗೆ ಆ ಸಂಖ್ಯೆ ಎರಡೂವರೆ ಮತ್ತು ಮೂರೂವರೆಯ ನಡುವೆ ಇರಬೇಕಿತ್ತು. ಕೆಳಗೆ ಬಂದರೆ ಕವಾಟದಲ್ಲಿ ರಕ್ತ ಗಟ್ಟಿಯಾಗುತ್ತದೆ, ಮೇಲೆ ಹೋದರೆ ಎಲ್ಲೆಂದರಲ್ಲಿ ರಕ್ತ ಸುರಿಯುತ್ತದೆ. ವಿಟಮಿನ್ ಇ ತಲೆಗೆ ಹಚ್ಚಿದರೆ ಚಿಂತೆಯಿಲ್ಲ. ದೊಡ್ಡ ಪ್ರಮಾಣದಲ್ಲಿ ಹೊಟ್ಟೆಗೆ ಹೋದರೆ ಅದೂ ರಕ್ತ ತೆಳುವಾಗಿಸುವ ಮಾತ್ರೆಯ ಜೊತೆ ಸೇರಿಕೊಳ್ಳಬಹುದು. ಇದನ್ನು ನಾನು ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ.

"ಅತ್ತೆ ಯಾಕೆ ತಿಂದದ್ದು?"

"ನಾನು ಹೇಳಿದೆ ಅಕ್ಕ, ಅದು ನನ್ನ ತಲೆಗೆ ಅಂತ. ಅವರು ಕೇಳ್ಬೇಕಲ್ಲ? 'ಮೆಡಿಕಲ್‌ನವಳು ನನಗೇ ಕೊಟ್ಟದ್ದು, ನಿನಗೆ ಯಾವಾಗಲೂ ಕೂದಲಿನದ್ದೇ ಚಿಂತೆ' ಅಂದ್ರು."

"ಅವರಿಗೆ ಎಲ್ಲಿಯಾದರೂ ರಕ್ತ ಬರ್ತಾ ಉಂಟಾ?"

ಅವಳ ಧ್ವನಿ ಸಣ್ಣದಾಯಿತು. "ಹಲ್ಲುಜ್ಜುವಾಗ ಬರ್ತದೆ ಅಂತಿದ್ರು, ಮೂರು ನಾಲ್ಕು ದಿನ ಆಯ್ತು. ಕೈಯಲ್ಲೆಲ್ಲ ನೀಲಿ ನೀಲಿ ಉಂಟು. ಇವತ್ತು ಬೆಳಿಗ್ಗೆಯಿಂದ ತಲೆನೋವು ಅಂತ ಮಲಗಿದ್ದಾರೆ."

ತಲೆನೋವು ಎಂದರೆ ತಲೆಯೊಳಗೇ ರಕ್ತ ಒಸರುತ್ತಿರಬಹುದು. ಇನ್ನು ಒಂದು ಮಾತ್ರೆಯನ್ನೂ ಕೊಡಬೇಡ, ಈಗಲೇ ರಿಕ್ಷಾ ಮಾಡಿ ಆಸ್ಪತ್ರೆಗೆ ಕರೆತಾ ಎಂದೆ. ಅಷ್ಟರಲ್ಲಿ ಅತ್ತೆಯೇ ಫೋನ್ ತೆಗೆದುಕೊಂಡರು.

"ಎಂತ ಮಗಾ? ಒಂದು ತಲೆನೋವಿಗೆ ಯಾರಾದರೂ ಮೂಡುಬಿದಿರೆಗೆ ಓಡ್ತಾರಾ? ಮಗ ಪಿಕಪ್ಪಲ್ಲಿ ಲೋಡ್ ತೆಗೊಂಡು ಹೋಗಿದ್ದಾನೆ. ಸಂಜೆ ಬರ್ಲಿ, ನೋಡುವ."

"ಅಮ್ಮ, ಸಂಜೆವರೆಗೆ ಕಾಯ್ಲಿಕ್ಕೆ ಆಗುದಿಲ್ಲ" ಎನ್ನುವಷ್ಟರಲ್ಲಿ ಲೈನ್ ಕಡಿದು ಹೋಯಿತು. ಆ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಅಂಗಳದ ಒಂದು ಮೂಲೆಯಲ್ಲಿ ಮಾತ್ರ. ಮೂರು ಸಲ ಮಾಡಿದೆ, ಹೋಗಲಿಲ್ಲ.

ಮಾಲಕರು ಒಳಗೆ ಸ್ಟಾಕ್ ನೋಡುತ್ತಿದ್ದರು. ನಾನು ನಾರಾವಿಗೆ ಹೋಗುತ್ತೇನೆ ಎಂದಾಗ ಕನ್ನಡಕದ ಮೇಲಿನಿಂದ ನೋಡಿದರು.

"ನೀವು ಯಾಕೆ ಹೋಗುದು? ಫೋನಲ್ಲಿ ಹೇಳಿ ಆಯ್ತಲ್ಲ. ಫಾರ್ಮಸಿಸ್ಟ್ ಇಲ್ಲದೆ ಚೀಟಿಯ ಮದ್ದು ಕೊಡ್ಲಿಕ್ಕಾಗುದಿಲ್ಲ, ನಿಮಗೇ ಗೊತ್ತುಂಟು."

"ಕೊಡಬೇಡಿ. ನಾನು ಬರುವವರೆಗೆ ಸೋಪು, ಪೌಡರ್ ಮಾರಿ."

ಹದಿನಾಲ್ಕು ವರ್ಷದಲ್ಲಿ ನಾನು ಅವರಿಗೆ ಹಾಗೆ ಮಾತನಾಡಿದ್ದು ಅದೇ ಮೊದಲು. ಉತ್ತರಕ್ಕೆ ಕಾಯದೆ ಬ್ಯಾಗ್ ಹೆಗಲಿಗೇರಿಸಿ ಬಸ್ ನಿಲ್ದಾಣಕ್ಕೆ ಓಡಿದೆ. ನಾರಾವಿ ಬಸ್ಸು ಹೊರಡಲು ಹಾರ್ನ್ ಹಾಕುತ್ತಿತ್ತು. ನಮ್ಮ ಪಾರ್ಸೆಲ್ ಒಯ್ಯುವ ಅದೇ ಕಂಡಕ್ಟರ್ ಬಾಗಿಲಲ್ಲಿ ನಿಂತಿದ್ದ.

"ಎಂತಕ್ಕ, ಇವತ್ತು ಪಾರ್ಸೆಲ್ ಇಲ್ವಾ? ನೀವೇ ಹೊರಟದ್ದಾ?"

ಇಲ್ಲಿನ ಪಾರ್ಸೆಲ್ ವ್ಯವಹಾರವನ್ನು ಸ್ವಲ್ಪ ಹೇಳಬೇಕು. ಒಳಗಿನ ಊರುಗಳಿಂದ ಪ್ರತಿ ತಿಂಗಳೂ ಮದ್ದಿಗಾಗಿ ಪೇಟೆಗೆ ಬರುವುದು ವಯಸ್ಸಾದವರಿಗೆ ಕಷ್ಟ. ಚೀಟಿಯ ಫೋಟೋ ವಾಟ್ಸಾಪಿನಲ್ಲಿ ಬರುತ್ತದೆ. ನಾವು ಕಟ್ಟಿ, ಹೆಸರು ಮತ್ತು ಸ್ಟಾಪ್ ಬರೆದು ಬಸ್ಸಿಗೆ ಕೊಡುತ್ತೇವೆ. ಡ್ರೈವರಿನ ಪಕ್ಕ ಬಾನೆಟ್ ಮೇಲೆ ಕುಳಿತು ಪ್ರಯಾಣ ಮಾಡುವ ಮದ್ದನ್ನು ಸ್ಟಾಪಿನಲ್ಲಿ ಮನೆಯವರು ಇಳಿಸಿಕೊಳ್ಳುತ್ತಾರೆ. ಮದ್ದು ಹೋಗುತ್ತದೆ, ಆದರೆ ಹೇಗೆ ತೆಗೆದುಕೊಳ್ಳಬೇಕೆಂದು ಹೇಳುವ ಬಾಯಿ ಜೊತೆಗೆ ಹೋಗುವುದಿಲ್ಲ. ಅದಕ್ಕೆ ನಾನೊಂದು ಉಪಾಯ ಮಾಡಿಕೊಂಡಿದ್ದೆ. ಒಂದೊಂದು ಮಾತ್ರೆಗೆ ಒಂದೊಂದು ಕಾಗದದ ಕವರ್, ಬೆಳಿಗ್ಗೆಯ ಮಾತ್ರೆಗೆ ಕವರಿನ ಮೇಲೆ ಸೂರ್ಯನ ಚಿತ್ರ, ರಾತ್ರಿಯದಕ್ಕೆ ಚಂದ್ರ, ಎರಡು ಹೊತ್ತಿನದಾದರೆ ಎರಡೂ. ಓದಲು ಬಾರದವರಿಗೂ ಕಣ್ಣು ಮಂಜಾದವರಿಗೂ ಇದು ಬಹಳ ಹಿಡಿಸಿತು. ಬೇರೆ ಅಂಗಡಿಯ ಕವರ್ ನೋಡಿ 'ಇದರಲ್ಲಿ ಚಿತ್ರವೇ ಇಲ್ಲ' ಎಂದು ದೂರುವವರೂ ಇದ್ದರು. ನನಗೆ ಅದರ ಬಗ್ಗೆ ಜಂಬವಿತ್ತು, ಸುಳ್ಳು ಯಾಕೆ ಹೇಳಬೇಕು?

ಬಸ್ಸಿನ ಕಿಟಕಿಯ ಪಕ್ಕ ಕುಳಿತು ಮೊದಲು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಫೋನ್ ಮಾಡಿದೆ. ಡ್ಯೂಟಿಯಲ್ಲಿದ್ದ ಡಾಕ್ಟರಿಗೆ ಕವಾಟದ ಸಂಗತಿ, ಮಾತ್ರೆಯ ಪ್ರಮಾಣ, ನೀಲಿ ಕಲೆ, ತಲೆನೋವು ಎಲ್ಲ ಹೇಳಿದೆ. "ಬಿದ್ದಿದ್ದಾರಾ, ತಲೆಗೆ ಪೆಟ್ಟಾಗಿದೆಯಾ ಕೇಳಿ. ಮಾತು ತೊದಲುತ್ತದಾ ನೋಡಿ. ಏನೇ ಇರಲಿ, ಕರ್ಕೊಂಡು ಬನ್ನಿ. ಇಲ್ಲಿ ಸ್ಕ್ಯಾನ್ ರೆಡಿ ಇಡಿಸ್ತೇನೆ" ಎಂದರು. ವಿಟಮಿನ್ ಇ ಯಾರು ಬರೆದುಕೊಟ್ಟದ್ದು ಎಂದೂ ಕೇಳಿದರು. ಯಾರೂ ಬರೆದಿಲ್ಲ, ಸೊಸೆಯ ಕೂದಲಿಗೆ ತಂದದ್ದು, ತಪ್ಪಿ ತಿಂದಿದ್ದಾರೆ ಎಂದೆ.

'ಮೆಡಿಕಲ್‌ನವಳು ನನಗೇ ಕೊಟ್ಟದ್ದು' ಎಂಬ ಮಾತು ಆಗ ಮನಸ್ಸಿನಲ್ಲಿ ಎದ್ದಿತು. ಆ ದಿನ ಪಾರ್ಸೆಲ್ ಕಟ್ಟಿದ್ದನ್ನು ನೆನಪಿಸಿಕೊಳ್ಳಲು ಯತ್ನಿಸಿದೆ. ಅಮ್ಮನ ಮದ್ದಿನ ಚೀಟಿಯ ಫೋಟೋ ಬಂದಿತ್ತು, ಅದರ ಕೆಳಗೆ ಸೊಸೆಯ ವಾಯ್ಸ್ ಮೆಸೇಜು. ರಕ್ತದ ಮಾತ್ರೆಗೆ ಚಂದ್ರ ಬರೆದೆ, ಬಿ.ಪಿ. ಮಾತ್ರೆಗೆ ಸೂರ್ಯ ಬರೆದೆ. ಕಂಡಕ್ಟರ್ ಅಂಗಡಿಯ ಬಾಗಿಲಿಗೆ ಬಂದು ಅವಸರ ಮಾಡುತ್ತಿದ್ದ. ಮೂರನೆಯ ಕವರಿನ ಮೇಲೆ ನಾನು 'ಕೂದಲಿಗೆ' ಎಂದೇ ಬರೆದಿದ್ದೆ. ಬಸ್ಸು ದಾರಿಯ ನಡುವಿನ ಶಿರ್ತಾಡಿ ಮುಟ್ಟುವವರೆಗೆ ಹಾಗೆಂದು ಆಣೆ ಮಾಡಲು ತಯಾರಿದ್ದೆ. ಶಿರ್ತಾಡಿ ದಾಟಿದ ಮೇಲೆ ಅಷ್ಟು ಖಾತ್ರಿ ಉಳಿಯಲಿಲ್ಲ.

ನಾರಾವಿಯಲ್ಲಿ ಇಳಿದು ರಿಕ್ಷಾ ಹಿಡಿದು ಆ ಮನೆಗೆ ಹೋದೆ. ರಿಕ್ಷಾದವರಿಗೆ ತಿರುಗಿಸಿ ನಿಲ್ಲಿಸಲು ಹೇಳಿದೆ. ಅಮ್ಮ ಜಗಲಿಯ ಬೆಂಚಿನ ಮೇಲೆ ಮಲಗಿದ್ದವರು ನನ್ನನ್ನು ಕಂಡು ಎದ್ದು ಕುಳಿತರು.

"ಅಯ್ಯೋ ಮಗಾ, ನೀವು ಇಷ್ಟು ದೂರ ಬಂದದ್ದಾ! ಬೆಲ್ಲ ನೀರು ತಾ" ಎಂದು ಸೊಸೆಗೆ ಹೇಳಿದರು. ಹಾಗೆ ಹೇಳುವಾಗ ಸೆರಗು ಸರಿದು ಮುಂಗೈ ಕಂಡಿತು. ಅಂಗೈ ಅಗಲದ ನೇರಳೆ ಕಲೆ, ಅದರ ಪಕ್ಕ ಇನ್ನೊಂದು, ಮೊಣಕೈಯ ಹತ್ತಿರ ಮತ್ತೊಂದು. ಎಲ್ಲಿಯೂ ಪೆಟ್ಟಾದ ನೆನಪು ಅವರಿಗಿರಲಿಲ್ಲ. ಒಸಡಿನ ಅಂಚಿನಲ್ಲಿ ರಕ್ತ ಒಣಗಿ ಕಪ್ಪಾಗಿತ್ತು.

ಪರೀಕ್ಷೆ ಮಾಡಲು ನಾನು ಡಾಕ್ಟರಲ್ಲ. ಆದರೂ ಡಾಕ್ಟರ್ ಹೇಳಿದ್ದನ್ನು ನೋಡಿದೆ. ಎರಡು ಕೈಯನ್ನೂ ಮುಂದೆ ಚಾಚಿಸಿದೆ, ಒಂದೂ ಕೆಳಗೆ ಜಾರಲಿಲ್ಲ. ನಗಿಸಿದೆ, ಬಾಯಿ ಸೊಟ್ಟಗಾಗಲಿಲ್ಲ. ಮಾತು ಸ್ಪಷ್ಟವಿತ್ತು. ಬಿದ್ದಿಲ್ಲ ಎಂದರು. ಮಲ ಕಪ್ಪಗಿದೆಯೇ ಎಂದು ಕೇಳಿದ್ದಕ್ಕೆ ಮುಖ ತಿರುಗಿಸಿ, "ಎಂತೆಲ್ಲ ಕೇಳ್ತೀರಿ ನೀವು" ಎಂದರು. ಕಳೆದ ವಾರ ಜ್ವರ ಬಂದು ಗಂಜಿ ಬಿಟ್ಟು ಬೇರೇನೂ ಸೇರುತ್ತಿರಲಿಲ್ಲವಂತೆ. ಅದೇ ಕಾರಣಕ್ಕೆ ತಿಂಗಳ ರಕ್ತ ಪರೀಕ್ಷೆಗೂ ಹೋಗಿರಲಿಲ್ಲ.

"ಮದ್ದಿನ ಡಬ್ಬಿ ಕೊಡು" ಎಂದೆ ಸೊಸೆಗೆ. ಅವಳು ಮಗುವನ್ನು ಸೊಂಟಕ್ಕೆ ಒತ್ತಿಕೊಂಡು ಅಡುಗೆಮನೆಯಿಂದ ಹಳೆಯ ಬಿಸ್ಕಿಟ್ ಡಬ್ಬಿ ತಂದಳು. ಅದರಲ್ಲಿ ಎಲ್ಲ ಕವರುಗಳೂ ಚೊಕ್ಕವಾಗಿ ನಿಂತಿದ್ದವು. ಮೂರನೆಯದನ್ನು ಎತ್ತಿದೆ. ಖಾಲಿ ಸ್ಟ್ರಿಪ್ಪುಗಳು ಒಳಗಿದ್ದವು. ಕವರಿನ ಮೇಲೆ ನನ್ನ ಕೈಯಿಂದಲೇ ಬರೆದ ಸೂರ್ಯ, ಅದರ ಪಕ್ಕ ಚಂದ್ರ. 'ಕೂದಲಿಗೆ' ಎಂಬ ಅಕ್ಷರ ಎಲ್ಲಿಯೂ ಇರಲಿಲ್ಲ.

ಕೈ ತನ್ನ ಪಾಡಿಗೆ ತಾನು ಬರೆದಿತ್ತು. ದಿನಕ್ಕೆ ನೂರು ಸಲ ಬರೆಯುವ ಕೈ ಅದು.

"ನೋಡಿ, ನೀವೇ ಬರೆದದ್ದಲ್ವಾ? ಬೆಳಿಗ್ಗೆ ಒಂದು, ರಾತ್ರಿ ಒಂದು. ಇವಳು ತಲೆಗೆ ಅಂತಾಳೆ. ತಲೆಗೆ ಹಾಕುದಕ್ಕೆ ಸೂರ್ಯ ಚಂದ್ರ ಯಾಕೆ?" ಎಂದು ಅಮ್ಮ ಮೆಲ್ಲಗೆ ನಕ್ಕರು. ಹೋದ ಸಲ ಡಾಕ್ಟರು ಶಕ್ತಿಗೆ ಏನಾದರೂ ಕೊಡುವ ಎಂದಿದ್ದರಂತೆ. ಇದೇ ಅದು ಎಂದು ಅವರು ನಂಬಿ, ಒಂದು ಹೊತ್ತೂ ತಪ್ಪಿಸದೆ ನುಂಗಿದ್ದರು.

ನಾನು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಆಸ್ಪತ್ರೆಗೆ ತೋರಿಸಬೇಕು ಎನ್ನುತ್ತ ಸ್ಟ್ರಿಪ್ಪುಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಸೊಸೆಯ ಕೈಗೆ ಕೊಟ್ಟೆ. ಆ ಒಂದು ಕವರನ್ನು ಮಾತ್ರ ಮಡಚಿ ನನ್ನ ಬ್ಯಾಗಿನ ಒಳಜಿಪ್ಪಿಗೆ ಹಾಕಿದೆ. ಯಾಕೆ ಹಾಕಿದೆ ಎಂದು ಕೇಳಿದರೆ ಉತ್ತರ ಒಂದೇ, ಹೆದರಿಕೆ. ಕೆಲಸ ಹೋಗಬಹುದು, ಲೈಸೆನ್ಸಿಗೆ ತೊಂದರೆ ಬರಬಹುದು, ಊರಿಡೀ ಸುದ್ದಿಯಾಗಬಹುದು. ಇಷ್ಟೂ ಜಿಪ್ ಎಳೆಯುವಷ್ಟು ಹೊತ್ತಿನಲ್ಲಿ ತಲೆಯಲ್ಲಿ ಹಾದು ಹೋಯಿತು.

ಅಮ್ಮ ಮಾತ್ರ ಹೊರಡಲು ಒಪ್ಪಲಿಲ್ಲ. ಮಗ ಬರಲಿ, ಸೀರೆ ಬದಲಿಸಬೇಕು, ದನಕ್ಕೆ ನೀರು ಕೊಡಬೇಕು ಎಂದು ಒಂದರ ಹಿಂದೆ ಒಂದು ಹೇಳತೊಡಗಿದರು. ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು.

"ಅಮ್ಮ, ತಲೆಯ ಒಳಗೆ ರಕ್ತ ಬಂದ್ರೆ ನಿಮ್ಮ ಮಗ ಬರುವಾಗ ಮಾತಾಡ್ಲಿಕ್ಕೆ ನೀವು ಇರುದಿಲ್ಲ. ಏಳಿ, ಹೋಗುವ."

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಎದ್ದು ಚಪ್ಪಲಿ ಮೆಟ್ಟಿದರು. ಸೊಸೆ ಮಗುವನ್ನು ಎತ್ತಿಕೊಂಡು, ಮನೆಗೆ ಬೀಗ ಹಾಕಿ ಬಂದಳು.

ರಿಕ್ಷಾದಲ್ಲಿ ಮೂಡುಬಿದಿರೆಗೆ ಹೋಗುವ ಆ ದಾರಿ ನನಗೆ ಎಂದೂ ಅಷ್ಟು ಉದ್ದವೆನಿಸಿರಲಿಲ್ಲ. ಅವಸರ ಮಾಡಿದರೆ ರಿಕ್ಷಾ ಹೊಂಡಗಳಲ್ಲಿ ಎತ್ತಿಹಾಕುತ್ತದೆ, ನಿಧಾನ ಮಾಡಿದರೆ ಹೊತ್ತು ಹೋಗುತ್ತದೆ. ನಾನು ಒಮ್ಮೆ "ಬೇಗ ಹೋಗಿ" ಎಂದು, ಮರುಕ್ಷಣ "ಮೆಲ್ಲ, ಮೆಲ್ಲ" ಎಂದು ಆ ರಿಕ್ಷಾದವರ ಪ್ರಾಣ ತಿಂದೆ. ನಾರಾವಿ ದಾಟಿ ಸ್ವಲ್ಪ ದೂರ ಬರುವಷ್ಟರಲ್ಲಿ ಅಮ್ಮನ ಮೂಗಿನಿಂದ ರಕ್ತ ಇಳಿಯಿತು. ತಲೆ ಹಿಂದಕ್ಕೆ ವಾಲಿಸಲು ಹೊರಟಿದ್ದ ಸೊಸೆಯನ್ನು ತಡೆದು, ಅಮ್ಮನನ್ನು ಮುಂದಕ್ಕೆ ಬಾಗಿಸಿ ಮೂಗಿನ ಮೆದು ಭಾಗವನ್ನು ಒತ್ತಿ ಹಿಡಿದೆ. ಬೇರೆಯವರಿಗಾದರೆ ಹತ್ತು ನಿಮಿಷದಲ್ಲಿ ನಿಲ್ಲುತ್ತದೆ. ಇವರಿಗೆ ಶಿರ್ತಾಡಿ ಬಂದರೂ ನಿಲ್ಲಲಿಲ್ಲ. ನನ್ನ ಬೆರಳು ಮರಗಟ್ಟಿತ್ತು, ಅಮ್ಮನ ಸೆರಗು ತೊಯ್ದಿತ್ತು. ಆಗ ಮೊದಲ ಸಲ ಅವರಿಗೂ ಹೆದರಿಕೆಯಾಗಿ ನನ್ನ ಇನ್ನೊಂದು ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ನಾನು ಮನಸ್ಸಿನಲ್ಲಿ ಎಲ್ಲ ದೇವರಿಗೂ ಕೈಮುಗಿದೆ.

ಆಸ್ಪತ್ರೆಯಲ್ಲಿ ಹೇಳಿದಂತೆ ಸ್ಕ್ಯಾನ್ ತಯಾರಿತ್ತು. ಮೂಗಿಗೆ ಹತ್ತಿ ಒತ್ತಿ ಕಟ್ಟಿ, ರಕ್ತ ತೆಗೆದು, ನೇರ ಒಳಗೆ ಕರೆದೊಯ್ದರು. ರಿಪೋರ್ಟ್ ಬರುವವರೆಗೆ ನಾನೂ ಸೊಸೆಯೂ ಗೋಡೆಗೆ ಒರಗಿ ನಿಂತೆವು. ಮಗು ಅವಳ ಜಡೆ ಹಿಡಿದು ಎಳೆಯುತ್ತಿತ್ತು, ಎಳೆದಾಗ ನಾಲ್ಕು ಎಳೆ ಅದರ ಮುಷ್ಟಿಗೆ ಬಂತು. ಅವಳು ಬೆರಳು ಬಿಡಿಸಿ ಕೂದಲನ್ನು ತೆಗೆದು ಸುತ್ತಿ ಸೆರಗಿನ ತುದಿಯಲ್ಲಿ ಇಟ್ಟುಕೊಂಡಳು.

ತಲೆಯೊಳಗೆ ರಕ್ತವಿಲ್ಲ ಎಂದು ಮೊದಲು ಗೊತ್ತಾಯಿತು. ಆಮೇಲೆ ಐಎನ್‌ಆರ್ ಬಂತು, ಏಳಕ್ಕಿಂತ ಮೇಲೆ.

ಡಾಕ್ಟರ್ ನಮ್ಮಿಬ್ಬರಿಗೂ ಬಿಡಿಸಿ ಹೇಳಿದರು. ರಕ್ತದ ಮಾತ್ರೆ ನಿಲ್ಲಿಸುತ್ತೇವೆ, ವಿಟಮಿನ್ ಕೆ ಸಣ್ಣ ಪ್ರಮಾಣದಲ್ಲಿ ಕೊಡುತ್ತೇವೆ. ಹೆಚ್ಚು ಕೊಟ್ಟರೆ ರಕ್ತ ಒಮ್ಮೆಲೇ ಗಟ್ಟಿಯಾಗಿ ಕವಾಟ ಸಿಕ್ಕಿಕೊಳ್ಳಬಹುದು, ಕಡಿಮೆ ಕೊಟ್ಟರೆ ರಕ್ತಸ್ರಾವ ನಿಲ್ಲದಿರಬಹುದು. ಮುಂದಿನ ಎರಡು ದಿನ ನೋಡಿಕೊಂಡು ನೋಡಿಕೊಂಡು ಹೋಗಬೇಕು. "ಇದು ಆ ಕ್ಯಾಪ್ಸೂಲಿನಿಂದಲೇ ಅಂತ ನೂರಕ್ಕೆ ನೂರು ಹೇಳ್ಲಿಕ್ಕಾಗುದಿಲ್ಲ. ಜ್ವರ ಬಂದಿದೆ, ಊಟ ಸರಿ ಇಲ್ಲ, ಪರೀಕ್ಷೆ ತಪ್ಪಿದೆ. ಎಲ್ಲ ಸೇರಿರಬಹುದು" ಎಂದೂ ಹೇಳಿದರು.

ನನಗೆ ಆ ಮಾತು ಎಷ್ಟು ಹಿತವಾಯಿತೆಂದರೆ ಈಗ ನೆನೆದರೆ ನಾಚಿಕೆಯಾಗುತ್ತದೆ. ಜ್ವರ ಇತ್ತಲ್ಲ, ಊಟ ಇರಲಿಲ್ಲವಲ್ಲ ಎಂದು ಮನಸ್ಸು ಆಗಲೇ ವಾದ ಹೂಡಲು ಶುರುಮಾಡಿತ್ತು.

ಅಷ್ಟರಲ್ಲಿ ಮಗ ಬಂದ. ಫೋನ್ ಸಿಕ್ಕಿದ ಕೂಡಲೇ ಲೋಡ್ ಅರ್ಧಕ್ಕೆ ಬಿಟ್ಟು ಪಿಕಪ್ ಓಡಿಸಿಕೊಂಡು ಬಂದಿದ್ದ. ಡಾಕ್ಟರ್ ಹೇಳಿದ್ದರಲ್ಲಿ ಅವನ ಕಿವಿಗೆ ಬಿದ್ದದ್ದು ಒಂದೇ, ಹೆಂಡತಿಯ ಕೂದಲಿನ ಮಾತ್ರೆ. ಅಲ್ಲೇ, ನಾಲ್ಕು ಜನರ ಎದುರು ಅವಳ ಮೇಲೆ ಹರಿಹಾಯ್ದ.

"ನಿನಗೆ ಕೂದಲು, ಕೂದಲು! ಮೂರು ಹೊತ್ತು ಕನ್ನಡಿ! ಅದನ್ನು ಅಮ್ಮನ ಮದ್ದಿನ ಡಬ್ಬಿಯಲ್ಲಿ ಇಡ್ಲಿಕ್ಕೆ ನಿನಗೆ ಬುದ್ಧಿ ಉಂಟಾ ಇಲ್ವಾ?"

"ಡಬ್ಬಿಯಲ್ಲಿ ಇಟ್ಟದ್ದು ನಾನಲ್ಲ, ಅತ್ತೆಯೇ" ಎಂದಳು. "ಕವರಿನಲ್ಲಿ ಚಿತ್ರ ಇತ್ತು, ಹಾಗಾಗಿ ಅವರು ತಮ್ಮದು ಅಂತ..."

"ಎಲ್ಲಿ ಕವರ್? ತೋರಿಸು!"

ಅವಳು ಮಗುವನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಪ್ಲಾಸ್ಟಿಕ್ ಚೀಲ ತಡಕಿದಳು. ಸ್ಟ್ರಿಪ್ಪುಗಳನ್ನು ಒಂದೊಂದಾಗಿ ತೆಗೆದು ಬೆಂಚಿನ ಮೇಲೆ ಇಟ್ಟಳು. ಚೀಲ ಮಗುಚಿ ಕೊಡವಿದಳು. ಕವರ್ ಅಲ್ಲಿರಲಿಲ್ಲ. "ಇತ್ತು, ನಾನು ನೋಡಿದ್ದೇನೆ" ಎಂದಳು, ಅವಳ ಕಣ್ಣು ತುಂಬಿತ್ತು. ಅವಳು ನನ್ನನ್ನು ನೋಡಲಿಲ್ಲ. ನನ್ನ ಮೇಲೆ ಅವಳಿಗೆ ಅನುಮಾನವೇ ಇರಲಿಲ್ಲ. ಅವಳ ಅತ್ತೆಯನ್ನು ಬದುಕಿಸಲು ಬಸ್ಸು ಹತ್ತಿ ಬಂದವಳು ನಾನು.

ನಾನು ಸುಮ್ಮನಿದ್ದರೆ ಮುಗಿಯುತ್ತಿತ್ತು. ಅಮ್ಮ ಹೇಳಿದರೂ ಅವರ ಮಾತಿಗೆ ಸಾಕ್ಷಿ ಇರಲಿಲ್ಲ. ಜ್ವರ, ಊಟ, ಪರೀಕ್ಷೆ ಎಂದು ಡಾಕ್ಟರೇ ದಾರಿ ತೋರಿಸಿಕೊಟ್ಟಿದ್ದರು. ಆ ಹುಡುಗಿ ಮಾತ್ರ ಆ ಮನೆಯಲ್ಲಿ ಇನ್ನು ಮುಂದೆ ತಲೆ ಬಾಚುವಾಗಲೆಲ್ಲ ಅತ್ತೆಯನ್ನು ಸಾಯಿಸಲು ಹೊರಟವಳು ಎಂಬ ಮಾತು ಕೇಳುತ್ತ ಇರುತ್ತಿದ್ದಳು.

ಜಿಪ್ ಎಳೆದು ಕವರ್ ತೆಗೆದು ಅವನ ಕೈಗೆ ಕೊಟ್ಟೆ.

"ಇದು ನನ್ನ ಹತ್ತಿರ ಉಂಟು. ಚಿತ್ರ ಬರೆದದ್ದು ನಾನು. ಕೂದಲಿಗೆ ಅಂತ ಬರೆಯಬೇಕಿತ್ತು, ಬೆಳಿಗ್ಗೆ ಒಂದು ರಾತ್ರಿ ಒಂದು ಅಂತ ಬರೆದು ಕಳಿಸಿದ್ದೇನೆ. ಇವಳು ಸರಿಯಾಗಿಯೇ ಹೇಳಿದ್ದಾಳೆ, ನಿಮ್ಮ ಅಮ್ಮ ಸರಿಯಾಗಿಯೇ ತಿಂದಿದ್ದಾರೆ. ತಪ್ಪು ಮಾಡಿದವಳು ನಾನು. ಕವರ್ ಅಡಗಿಸಿದ್ದೂ ನಾನೇ."

ಕೊನೆಯ ವಾಕ್ಯ ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು. ಅವನು ಕವರನ್ನೂ ನನ್ನನ್ನೂ ನೋಡಿದ. ಬೈಯುತ್ತಾನೆ ಎಂದುಕೊಂಡೆ, ಬೈಯಲಿಲ್ಲ. ಸೊಸೆ ಬೆಂಚಿನ ಮೇಲೆ ಕುಳಿತು ಮಗುವಿನ ಹೊಟ್ಟೆಗೆ ಮುಖ ಒತ್ತಿ ಅಳತೊಡಗಿದಳು. ಡಾಕ್ಟರ್ ಬಂದು ಕವರ್ ತೆಗೆದುಕೊಂಡು, ನಾನು ಹೇಳಿದ್ದನ್ನು ಕೇಸ್ ಶೀಟಿನಲ್ಲಿ ಬರೆದುಕೊಂಡರು. ಪರದೆಯ ಆಚೆಯ ಮಂಚದ ಮೇಲೆ ಅಮ್ಮ ಎಚ್ಚರವಾಗಿದ್ದರು, ಎಲ್ಲವನ್ನೂ ಕೇಳಿಸಿಕೊಂಡಿದ್ದರು. ನಾನು ಹತ್ತಿರ ಹೋದಾಗ ಗೋಡೆಯ ಕಡೆಗೆ ತಿರುಗಿ ಮಲಗಿದರು. ದಾರಿಯುದ್ದಕ್ಕೂ ಹಿಡಿದಿದ್ದ ಕೈಯನ್ನು ಹೊದಿಕೆಯ ಒಳಗೆ ಎಳೆದುಕೊಂಡರು.

ಮರುದಿನ ಐಎನ್‌ಆರ್ ಐದರ ಹತ್ತಿರ ಇತ್ತು. ಮೂಗಿನ ರಕ್ತ ನಿಂತಿತ್ತು, ಒಸಡಿನದು ನಿಂತಿರಲಿಲ್ಲ. ಕವಾಟ ಸರಿಯಾಗಿ ಮುಚ್ಚಿ ತೆರೆಯುತ್ತಿದೆಯೇ ಎಂದು ಎಕೋ ಮಾಡಿ ನೋಡಿದರು. ನಾನು ಅಂಗಡಿ ತೆರೆಯುವ ಮೊದಲು ಆಸ್ಪತ್ರೆಗೆ ಹೋಗಿ, ವಾರ್ಡಿನ ಹೊರಗೆ ನಿಂತು ನರ್ಸ್ ಹತ್ತಿರ ಸಂಖ್ಯೆ ಕೇಳಿಕೊಂಡು ಬರುತ್ತಿದ್ದೆ. ಒಳಗೆ ಹೋಗಲು ಮುಖವಿರಲಿಲ್ಲ. ಮೂರನೆಯ ದಿನ ಮೂರೂವರೆಯ ಕೆಳಗೆ ಬಂತು. ಆ ನರ್ಸ್ ಸಂಖ್ಯೆ ಹೇಳಿದಾಗ ನಾನು ಮೆಟ್ಟಿಲ ಮೇಲೆ ಕುಳಿತು ಅತ್ತುಬಿಟ್ಟೆ. ಜನ ಯಾರೋ ಸತ್ತರೆಂದುಕೊಂಡು ದಾರಿ ಬಿಟ್ಟು ಹೋದರು.

ಮಾಲಕರಿಗೆ ಎಲ್ಲ ಹೇಳಿದೆ. "ಬಾಯಿ ಮುಚ್ಚಿ ಕೂತಿದ್ರೆ ಆಗ್ತಿತ್ತಲ್ಲ ಮಾರಾಯ್ತಿ" ಎಂದರು. ಹಾಗೆಂದು ಕೆಲಸದಿಂದ ತೆಗೆಯಲಿಲ್ಲ. ತಲೆಗೆ, ಚರ್ಮಕ್ಕೆ ಹಚ್ಚುವ ಯಾವುದನ್ನೂ ಹೊಟ್ಟೆಯ ಮದ್ದಿನ ಪಾರ್ಸೆಲಿನಲ್ಲಿ ಕಟ್ಟಬಾರದು, ಕಟ್ಟಿದ ಮೇಲೆ ಇನ್ನೊಬ್ಬರು ಚೀಟಿ ಹಿಡಿದು ನೋಡಬೇಕು, ಬಸ್ಸು ಹೋದರೂ ಚಿಂತೆಯಿಲ್ಲ ಎಂದು ನಾನು ಹಟ ಹಿಡಿದದ್ದಕ್ಕೂ ಒಪ್ಪಿದರು. ನಾರಾವಿಯ ಆ ಮನೆಯಿಂದ ಮಾತ್ರ ಮತ್ತೆ ಚೀಟಿಯ ಫೋಟೋ ಬರಲಿಲ್ಲ. ಬರಬೇಕೆಂದು ಬಯಸುವ ಹಕ್ಕೂ ನನಗಿರಲಿಲ್ಲ.

ಒಂದೂವರೆ ತಿಂಗಳಾದ ಮೇಲೆ, ಸಂತೆಯ ದಿನ, ಅಂಗಡಿ ತುಂಬ ಜನರಿದ್ದಾಗ ಅಮ್ಮ ಬಂದರು. ಹಿಂದೆ ಮಗುವನ್ನೆತ್ತಿಕೊಂಡು ಸೊಸೆ. ಅಮ್ಮ ಸ್ವಲ್ಪ ಇಳಿದಿದ್ದರು, ಮುಂಗೈ ತಿಳಿಯಾಗಿತ್ತು. ಜನರನ್ನು ಸರಿಸಿ ನೇರ ನನ್ನ ಎದುರು ನಿಂತರು.

"ಹಸಿರು ಮಾತ್ರೆ ಒಂದು ಸ್ಟ್ರಿಪ್ ಕೊಡಿ ಮೇಡಂ. ಇವಳ ತಲೆಗೆ."

ನಾನು ಸ್ಟ್ರಿಪ್ ತೆಗೆದು ಕೌಂಟರಿನ ಮೇಲೆ ಇಟ್ಟೆ. ಅವರು ಮುಟ್ಟಲಿಲ್ಲ.

"ಹೇಗೆ ಅಂತ ಹೇಳಿ."

"ಅರ್ಧ ಲೋಟ ತೆಂಗಿನೆಣ್ಣೆಗೆ ಎರಡ..."

"ಜೋರಾಗಿ ಹೇಳಿ. ನನಗೆ ಕೇಳುದಿಲ್ಲ."

ಅವರಿಗೆ ಚೆನ್ನಾಗಿಯೇ ಕೇಳುತ್ತಿತ್ತು. ಅಂಗಡಿಯಲ್ಲಿದ್ದವರು ಮಾತು ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದರು. ನಾನು ಧ್ವನಿ ಎತ್ತಿ ಎಲ್ಲವನ್ನೂ ಹೇಳಿದೆ. ಎಷ್ಟು ಎಣ್ಣೆ, ಎಷ್ಟು ಕ್ಯಾಪ್ಸೂಲ್, ಎಷ್ಟು ದಿನಕ್ಕೊಮ್ಮೆ, ಎಷ್ಟು ಹೊತ್ತು ಬಿಟ್ಟು ತೊಳೆಯುವುದು. ಹೆರಿಗೆಯ ಮೇಲೆ ಉದುರುವ ಕೂದಲು ಸಮಯ ಕೊಟ್ಟರೆ ತಾನಾಗಿ ಬರುತ್ತದೆ, ಇದು ಇಲ್ಲದಿದ್ದರೂ ನಡೆಯುತ್ತದೆ ಎಂಬುದನ್ನೂ ಹೇಳಿದೆ.

"ಬಾಯಿಗೆ?"

"ಬಾಯಿಗೆ ಬೇಡ. ಯಾರೂ ತಿನ್ನಬಾರದು."

"ಇನ್ನೊಮ್ಮೆ ಹೇಳಿ."

"ಯಾರೂ ತಿನ್ನಬಾರದು ಅಮ್ಮ."

ಅವರು ತಲೆಯಾಡಿಸಿ ಸ್ಟ್ರಿಪ್ ಎತ್ತಿ, ತಿರುಗಿ ಸೊಸೆಯ ಕೈಯಲ್ಲಿಟ್ಟು ಅವಳ ಬೆರಳುಗಳನ್ನು ಅದರ ಮೇಲೆ ಮಡಚಿದರು. "ನಾಳಿದ್ದು ಆದಿತ್ಯವಾರ. ಎಣ್ಣೆ ನಾನೇ ಹಚ್ಚುದು, ನಿನಗೆ ಹಿಂದೆ ಎಟುಕುದಿಲ್ಲ" ಎಂದರು. ಸೊಸೆ ಮಗುವನ್ನು ಅತ್ತೆಯ ಹೆಗಲಿಗೆ ದಾಟಿಸಿದಳು. ಮೂವರೂ ಮೆಟ್ಟಿಲಿಳಿದು, ರಸ್ತೆ ದಾಟಿ ಬಸ್ಸಿನ ಕಡೆಗೆ ಹೋದರು.